ಕೈ ತೋರಿಸಿ ದಾಟುವ ಊರು

ಬೆಳಗಿನ ಎಂಟೂವರೆಯ ಹೊತ್ತಿಗೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಸಗಟು ವ್ಯಾಪಾರ ಬಹುಪಾಲು ಮುಗಿದಿರುತ್ತದೆ. ಸೇವಂತಿಗೆ, ಕನಕಾಂಬರ, ಮರುಗದ ಮೂಟೆ ಹೊತ್ತ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದು ಫ್ಲೈಓವರ್ ಕೆಳಗಿನ ರಸ್ತೆಯಂಚಿನಲ್ಲಿ ನಿಲ್ಲುತ್ತಾರೆ. ಅವರ ಬಸ್ಸು ಆಚೆ ಬದಿಯಲ್ಲಿ. ನಡುವೆ ಬಿಎಂಟಿಸಿ ಬಸ್ಸು, ಆಟೊ, ತರಕಾರಿ ಟೆಂಪೊ, ಇವುಗಳ ಸಂದುಗಳಲ್ಲೆಲ್ಲ ನುಗ್ಗುವ ಸ್ಕೂಟರು. ನೆಲದ ಮೇಲೆ ಬಿಳಿ ಪಟ್ಟೆ ಬಳಿದಿದ್ದ ಗುರುತು ಇದೆ, ಅರ್ಧಕ್ಕರ್ಧ ಸವೆದಿದೆ. ಆ ಪಟ್ಟೆಯನ್ನು ಕಂಡು ಬ್ರೇಕ್ ಒತ್ತಿದ ಒಂದೇ ಒಂದು ಗಾಡಿ ನನಗೆ ಕಾಣಲಿಲ್ಲ.

ಅವರು ದಾಟುವುದನ್ನು ಹತ್ತಿರದಿಂದ ನೋಡಬೇಕು. ಅರವತ್ತು ದಾಟಿದ ಒಬ್ಬಾಕೆ, ತಲೆಯ ಮೇಲೆ ಮೂಟೆ, ಅದನ್ನು ಹಿಡಿದ ಎಡಗೈ. ಗಾಡಿಗಳು ಬರುವುದು ಬಲಗಡೆಯಿಂದ, ಹಾಗಾಗಿ ಬಲಗೈ ಚಾಚಿ ಅಂಗೈಯನ್ನು ಅವುಗಳತ್ತ ಹಿಡಿಯುತ್ತಾಳೆ. ಬೆರಳ ತುದಿಗಳು ಹೂ ಕಟ್ಟಿ ಕಟ್ಟಿ ಹಸಿರು-ಕಪ್ಪಾಗಿವೆ. ಒಂದು ಹೆಜ್ಜೆ, ಮತ್ತೆ ನಿಲ್ಲುವುದು, ಮತ್ತೊಂದು ಹೆಜ್ಜೆ. ಮೀಡಿಯನ್ ಮುಟ್ಟಿದ ಮೇಲೆ ಮೂಟೆಯನ್ನು ಬಲಗೈಗೆ ಬದಲಾಯಿಸುತ್ತಾಳೆ, ಏಕೆಂದರೆ ಇನ್ನು ಗಾಡಿ ಬರುವುದು ಎಡಗಡೆಯಿಂದ, ಎತ್ತಬೇಕಾದ್ದು ಎಡಗೈ. ಇಷ್ಟು ಮಾಡುವಾಗ ಆಕೆಯ ಮುಖದಲ್ಲಿ ಬೇಡಿಕೆಯ ಭಾವ ಇರುತ್ತದೆ. ದಯವಿಟ್ಟು ಒಂದು ಗಳಿಗೆ ನಿಲ್ಲಿಸಪ್ಪ ಎನ್ನುವ ಮುಖ ಅದು. ಬೆಂಗಳೂರಿನಲ್ಲಿ ನಾವೆಲ್ಲರೂ ಹೀಗೇ ದಾಟುತ್ತೇವೆ. ಮಕ್ಕಳಿಗೆ ಅಕ್ಷರ ಕಲಿಸುವ ವಯಸ್ಸಿನಲ್ಲೇ ‘ಕೈ ತೋರಿಸಿ ದಾಟು’ ಎಂದು ಕಲಿಸುತ್ತೇವೆ.

ಕಾನೂನು ಹೇಳುವುದು ಇದಕ್ಕೆ ತೀರ ಉಲ್ಟಾ. 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳ 39ನೆಯ ನಿಬಂಧನೆ ಮೂರೇ ಸಾಲಿನಲ್ಲಿ ವಿಷಯ ಮುಗಿಸುತ್ತದೆ. ಸಿಗ್ನಲ್ ಇಲ್ಲದ ಜೀಬ್ರಾ ಕ್ರಾಸಿಂಗ್ ಹತ್ತಿರ ಬಂದ ಚಾಲಕ ವೇಗ ತಗ್ಗಿಸಬೇಕು, ನಿಲ್ಲಿಸಬೇಕು, ನಡೆಯುವವರಿಗೂ ಗಾಲಿಕುರ್ಚಿಯವರಿಗೂ ದಾರಿ ಬಿಡಬೇಕು. ಮುಂದೆ ಟ್ರಾಫಿಕ್ ನಿಂತು ತನ್ನ ಗಾಡಿ ಪಟ್ಟೆಯ ಮೇಲೇ ನಿಲ್ಲುವ ಹಾಗಿದ್ದರೆ ಪಟ್ಟೆಯ ಮೇಲೆ ಹೋಗಲೇಬಾರದು. ಫುಟ್‌ಪಾತ್ ಮೇಲಾಗಲಿ ಸೈಕಲ್ ಪಥದ ಮೇಲಾಗಲಿ, ಸಮವಸ್ತ್ರದ ಪೊಲೀಸರು ಹೇಳದ ಹೊರತು, ಗಾಡಿ ಓಡಿಸಬಾರದು. ನಡೆಯುವವರು ಕೈ ಎತ್ತಬೇಕು ಎಂದು ಅದರಲ್ಲಿ ಎಲ್ಲೂ ಇಲ್ಲ. ಕೇಳಿ ಪಡೆಯುವ ಪ್ರಮೇಯವೇ ಇಲ್ಲ, ದಾರಿ ಆಗಲೇ ಅವರದು.

ಇದು ಓಡಿಸುವವರಿಗೆ ಗೊತ್ತಿಲ್ಲವೆಂದು ನಾನು ಒಪ್ಪುವುದಿಲ್ಲ. ಕಲಿಕಾ ಲೈಸೆನ್ಸಿನ (ಎಲ್‌ಎಲ್) ಪರೀಕ್ಷೆಯಲ್ಲಿ ಈ ಪ್ರಶ್ನೆ ವರ್ಷಗಳಿಂದ ಬರುತ್ತಿದೆ: ಜೀಬ್ರಾ ಕ್ರಾಸಿಂಗ್ ಬಳಿ ಜನ ದಾಟಲು ಕಾದಿದ್ದರೆ ನೀವೇನು ಮಾಡುತ್ತೀರಿ? ಹಾರ್ನ್ ಮಾಡಿ ಮುಂದೆ ಹೋಗುತ್ತೀರೋ, ನಿಧಾನ ಮಾಡಿ ಹಾರ್ನ್ ಹೊಡೆದು ಹೋಗುತ್ತೀರೋ, ನಿಲ್ಲಿಸಿ ಅವರು ದಾಟಿದ ಮೇಲೆ ಹೊರಡುತ್ತೀರೋ? ಮೂರನೆಯದನ್ನು ಒತ್ತಿ ಅಂಕ ಪಡೆದವರೇ ಈಗ ಮಾರ್ಕೆಟ್ಟಿನ ಮುಂದೆ ಮೊದಲನೆಯದನ್ನು ಮಾಡುತ್ತಿದ್ದಾರೆ.

‘ಸಬ್‌ವೇ ಇದೆಯಲ್ಲ, ಅದರಲ್ಲಿ ಹೋಗಬಹುದಲ್ಲ’ ಎಂದು ಪಕ್ಕದಲ್ಲಿ ಆಟೊ ನಿಲ್ಲಿಸಿಕೊಂಡಿದ್ದ ಚಾಲಕರೊಬ್ಬರು ನನಗೆ ಹೇಳಿದರು. ಇದೆ ನಿಜ. ಆದರೆ ಮೂಟೆ ಹೊತ್ತವರು ಮೆಟ್ಟಿಲಿಳಿದು, ಒಳಗಿನ ಅಂಗಡಿ ಸಾಲು ದಾಟಿ, ಮತ್ತೆ ಮೆಟ್ಟಿಲು ಹತ್ತಬೇಕು. ಮಂಡಿನೋವಿನವರು, ಕೂಸು ಎತ್ತಿಕೊಂಡವರು, ಊರುಗೋಲಿನವರು ಏನು ಮಾಡಬೇಕು? ಎಂಜಿನ್ ಇರುವ ಗಾಡಿ ನೆಟ್ಟಗೆ ಹೋಗಲಿ, ಕಾಲಲ್ಲಿ ನಡೆಯುವವರು ಇಳಿದು ಹತ್ತಲಿ ಎನ್ನುವ ಯೋಚನೆಯೇ ನನಗೆ ಸರಿಕಾಣುವುದಿಲ್ಲ. ಸಬ್‌ವೇ ಬೇಕಾದವರಿಗೆ ಇರಲಿ. ಅದನ್ನು ಕಟ್ಟಿದ ಮಾತ್ರಕ್ಕೆ ಮೇಲಿನ ಪಟ್ಟೆಯ ಋಣ ತೀರುವುದಿಲ್ಲ.

ಮಾರ್ಕೆಟ್ಟಿನಿಂದ ಅವೆನ್ಯೂ ರೋಡಿಗೆ ಹೊರಳಿದರೆ ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಯ ಬೆನ್ನೆಲುಬಿನ ಮೇಲೆ ನಡೆದಂತೆ. ಹಳೆಯವರ ಬಾಯಲ್ಲಿ ಇದು ದೊಡ್ಡಪೇಟೆ. ಎರಡೂ ಬದಿಗೆ ಬೆಳ್ಳಿ-ಬಂಗಾರದ ಅಂಗಡಿ, ಸೀರೆ ಅಂಗಡಿ, ಪಾತ್ರೆ, ಮದುವೆ ಕಾಗದ, ಹಳೆ ಪುಸ್ತಕ. ಅಡ್ಡಕ್ಕೆ ಚಿಕ್ಕಪೇಟೆ ಹಾಯುವ ಚೌಕದಲ್ಲಿ ನಿಂತರೆ ಕೈಗಾಡಿ, ತಲೆಹೊರೆಯ ಹಮಾಲರು, ಗೂಡ್ಸ್ ಆಟೊ, ಗಿರಾಕಿಗಳು ಎಲ್ಲರೂ ಒಂದೇ ಹಾಸಿನಲ್ಲಿ. ‘ಸೈಡ್, ಸೈಡ್’ ಎಂಬ ಕೂಗು ನಿಲ್ಲುವುದೇ ಇಲ್ಲ. ಇಷ್ಟು ಇಕ್ಕಟ್ಟಿನಲ್ಲೂ ಇಲ್ಲಿ ನನಗೆ ಮಾರ್ಕೆಟ್ಟಿನ ಮುಂದಿನಷ್ಟು ಭಯವಾಗಲಿಲ್ಲ. ಕಾರಣ ಸರಳ: ಜನ ತುಂಬಿದ ಕಡೆ ಗಾಡಿ ನಡಿಗೆಯ ವೇಗಕ್ಕೇ ಇಳಿಯಬೇಕು. ಹಮಾಲರ ಕಣ್ಣು ಎದುರಿನವರ ಕಾಲಿನ ಮೇಲಿರುತ್ತದೆ, ಎದುರಿನವರ ಕಣ್ಣು ಅವರ ಹೊರೆಯ ಮೇಲೆ.

ಹೆದರಿಕೆ ಹುಟ್ಟಿಸುವುದು ಇಲ್ಲಿ ಬೇರೆಯದು. ಇದು ಒನ್ ವೇ ರಸ್ತೆ. ಒನ್ ವೇ ಎಂದ ಮೇಲೆ ದಾಟುವವರು ಒಂದು ಕಡೆ ನೋಡಿದರೆ ಸಾಕಲ್ಲವೆ? ಹಳೆ ಪುಸ್ತಕದ ಅಂಗಡಿಯಿಂದ ಇಳಿದ ಕಾಲೇಜು ಹುಡುಗಿ ಹಾಗೇ ನೋಡಿದಳು, ಗಾಡಿ ಬರಬೇಕಾದ ದಿಕ್ಕನ್ನು. ಹಿಂದಿನಿಂದ ಸ್ಕೂಟರು ಬಂತು, ಉಲ್ಟಾ ದಿಕ್ಕಿನಲ್ಲಿ, ಕಾಲ ಮುಂದೆ ಎರಡು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು. ಕನ್ನಡಿ ಅವಳ ಬ್ಯಾಗಿನ ಪಟ್ಟಿಗೆ ತಗುಲಿ ಅವಳು ಅರ್ಧ ಸುತ್ತು ತಿರುಗಿದಳು. ಪುಸ್ತಕ ಕೆಳಗೆ. ಸವಾರ ನಿಲ್ಲಿಸಲಿಲ್ಲ, ಹೋಗುತ್ತಲೇ ‘ನೋಡ್ಕೊಂಡ್ ಬರ್ಬಾರ್ದಾ’ ಎಂದು ಗದರಿದ. ಆಕೆ ಸಾರಿ ಎಂದಳು! ಆ ಸಾರಿ ಕೇಳಿ ನನಗೆ ಹೊಟ್ಟೆ ಉರಿದುಹೋಯಿತು. ತಪ್ಪು ಮಾಡಿದವನು ಬೈಯುವುದು, ಪೆಟ್ಟು ತಿಂದವಳು ಕ್ಷಮೆ ಕೇಳುವುದು. ಈ ಊರಿನ ರಸ್ತೆ ನಮಗೆ ಕಲಿಸಿರುವ ನಡವಳಿಕೆ ಇದು.

ಒನ್ ವೇಯಲ್ಲಿ ಎದುರು ಬರುವುದು ಸಣ್ಣ ತಪ್ಪಲ್ಲ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೆಯ ಕಲಂ ಇದನ್ನು ಸಿಗ್ನಲ್ ಹಾರುವುದರ ಜೊತೆಯಲ್ಲೇ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ಸಲಕ್ಕೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೆ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಿದ್ದೂ ಪೇಟೆಯಲ್ಲಿ ಇದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ಬಟ್ಟೆ ಅಂಗಡಿಯ ಕೆಲಸಗಾರರೊಬ್ಬರು ತಾಳ್ಮೆಯಿಂದ ವಿವರಿಸಿದರು: ಗೋಡೌನು ನಾಲ್ಕು ಅಂಗಡಿ ಆಚೆ, ನಿಯಮದಂತೆ ಹೋದರೆ ಇಡೀ ಪೇಟೆ ಸುತ್ತಬೇಕು, ದಿನಕ್ಕೆ ಎಷ್ಟು ಸಲ ಸುತ್ತಲಿ? ಅವರ ಕಷ್ಟ ನಿಜ. ಒನ್ ವೇ ಯೋಜನೆ ಮಾಡಿದವರು ಗಾಡಿ ಸರಾಗವಾಗಿ ಹರಿಯುವುದನ್ನು ಲೆಕ್ಕ ಹಾಕಿದರು, ನಾಲ್ಕು ಅಂಗಡಿ ಆಚೆ ಮಾಲು ಸಾಗಿಸುವವರನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಆದರೆ ನಾಲ್ಕು ಅಂಗಡಿ ದೂರಕ್ಕೆ ಸ್ಕೂಟರು ಏಕೆ ಬೇಕು? ಇದೇ ರಸ್ತೆಯಲ್ಲಿ ಕೈಗಾಡಿ ಇನ್ನೂ ಜೀವಂತವಾಗಿದೆ. ಉಳಿಸುವ ಐದು ನಿಮಿಷದ ಬೆಲೆಯನ್ನು ತೆರುತ್ತಿರುವುದು ಪುಸ್ತಕ ಕೊಳ್ಳಲು ಬಂದ ಆ ಹುಡುಗಿ.

ಇನ್ನು ಸೈಕಲ್. ನನಗೆ ಸೈಕಲ್ ಸವಾರರ ಮೇಲೆ ಮೊದಲಿನಿಂದಲೂ ಪ್ರೀತಿ. ಊರಿಗೆ ಹೊಗೆಯಿಲ್ಲ, ಗದ್ದಲವಿಲ್ಲ, ಅಪಘಾತವಾದರೆ ಅವರೂ ನಡೆಯುವವರಂತೆಯೇ ಮೈಯೊಡ್ಡಬೇಕು. ಸ್ಟೀಲ್ ಕ್ಯಾನು ಕಟ್ಟಿಕೊಂಡು ಅಂಗಡಿ ಅಂಗಡಿಗೆ ಚಹಾ ಕೊಡುವವರು ಇಲ್ಲಿ ಬಹಳ. ಅವರೂ ಉಲ್ಟಾ ದಿಕ್ಕಿನಲ್ಲಿ ಬರುತ್ತಾರೆ, ಸಿಗ್ನಲ್ಲು ತಮಗಲ್ಲವೆಂದುಕೊಳ್ಳುತ್ತಾರೆ, ಫುಟ್‌ಪಾತ್ ಖಾಲಿಯಿದ್ದರೆ ಹತ್ತುತ್ತಾರೆ. ಒಬ್ಬರನ್ನು ಕೇಳಿದೆ. ‘ಕೆಳಗೆ ಹೋದ್ರೆ ಬಸ್ಸೋನು ಒತ್ತುತಾನೆ ಸಾರ್’ ಎಂದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ಮೇಲಿನವರು ಹುಟ್ಟಿಸಿದ ಭಯವನ್ನು ಕೆಳಗಿನವರಿಗೆ ದಾಟಿಸುವುದು ನ್ಯಾಯವಲ್ಲ. ಬಿಸಿ ಚಹಾದ ಕ್ಯಾನಿರುವ ಸೈಕಲ್ಲು ಫುಟ್‌ಪಾತಿನಲ್ಲಿ ಎದುರು ಬಂದಾಗ, ಕಣ್ಣು ಮಂಜಾದ ಎಂಬತ್ತರ ಅಜ್ಜನಿಗೆ ಅದಕ್ಕೂ ಸ್ಕೂಟರಿಗೂ ದೊಡ್ಡ ಅಂತರವೇನೂ ಕಾಣುವುದಿಲ್ಲ. ಫುಟ್‌ಪಾತಿನಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಲಿ, ಅಷ್ಟು ಸಾಕು.

ಸೈಕಲ್ಲಿಗೂ ಸ್ಕೂಟರಿಗೂ ನಡುವಿನ ಇನ್ನೊಂದು ಜಾತಿ ಈಚೆಗೆ ಬೆಳೆದಿದೆ. ಬ್ಯಾಟರಿಯ ಸಣ್ಣ ಗಾಡಿಗಳು. ಮೋಟಾರಿನ ಶಕ್ತಿ 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದೆ ಇದ್ದರೆ ಅದು ಕಾನೂನಿನ ಲೆಕ್ಕದಲ್ಲಿ ಮೋಟಾರು ವಾಹನವೇ ಅಲ್ಲ. ನೋಂದಣಿ ಇಲ್ಲ, ಲೈಸೆನ್ಸ್ ಬೇಡ, ನಂಬರ್ ಪ್ಲೇಟೂ ಇಲ್ಲ. ಊಟ, ದಿನಸಿ ತಲುಪಿಸುವ ಹುಡುಗರು ಇವನ್ನು ಬಾಡಿಗೆಗೆ ಹಿಡಿದು ದಿನವಿಡೀ ದುಡಿಯುತ್ತಾರೆ. ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಓದಿ ದಂಡ ಹಾಕುವಂಥದ್ದು, ಪ್ಲೇಟೇ ಇಲ್ಲದಿದ್ದರೆ ಅದಕ್ಕೆ ಏನೂ ಕಾಣದು. ಸದ್ದೂ ಇಲ್ಲದ ಈ ಗಾಡಿ ಫುಟ್‌ಪಾತಿನಲ್ಲಿ ಬೆನ್ನ ಹಿಂದೆ ಬಂದರೆ ಪಕ್ಕಕ್ಕೆ ಸರಿಯಲೂ ಸಮಯ ಸಿಗುವುದಿಲ್ಲ. 25 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಏಳು ಮೀಟರ್, ನಮ್ಮ ನಡಿಗೆಯ ಐದಾರು ಪಟ್ಟು. ಹುಡುಗರನ್ನು ಬೈದು ಪ್ರಯೋಜನವಿಲ್ಲ. ಹೆಚ್ಚು ಆರ್ಡರ್ ಮುಟ್ಟಿಸಿದಷ್ಟೂ ಹೆಚ್ಚು ಗಳಿಕೆ ಎಂಬ ವ್ಯವಸ್ಥೆ ಮಾಡಿದವರು, ಗಾಡಿ ಬಾಡಿಗೆಗೆ ಕೊಡುವವರು ಹೊಣೆ ಹೊರಬೇಕು. ಬಾಡಿಗೆಗೆ ಬಿಡುವ ಪ್ರತಿ ಗಾಡಿಗೂ ದೂರದಿಂದ ಓದಬಹುದಾದ ಸಂಖ್ಯೆ ಇರಲೇಬೇಕೆಂದು ಸರ್ಕಾರ ಹೇಳಬೇಕು.

ಅವೆನ್ಯೂ ರೋಡು ಕೊನೆಗೊಳ್ಳುವುದು ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ. ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ವಿಲೀನವಾಯಿತು, ಸರ್ಕಲ್ಲಿನ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಇಲ್ಲಿ ಸಿಗ್ನಲ್ ಇದೆ, ಪೊಲೀಸರೂ ಇದ್ದರು. ಪೊಲೀಸರು ಕೈ ಅಡ್ಡ ಹಿಡಿದಾಗ ಬಸ್ಸೂ ನಿಲ್ಲುತ್ತದೆ, ಬೈಕೂ ನಿಲ್ಲುತ್ತದೆ. ಎಲ್ಲಿ? ಸ್ಟಾಪ್ ಲೈನ್ ದಾಟಿ, ಜೀಬ್ರಾ ಪಟ್ಟೆಯ ಮೇಲೆ. ಮೊದಲು ಬಂದ ಬೈಕು ಗೆರೆಯ ಮೇಲೆ, ಎರಡನೆಯದು ಅದರ ಮುಂದೆ, ಮೂರನೆಯದು ಅದಕ್ಕೂ ಮುಂದೆ. ಕೆಂಪು ದೀಪದ ಸೆಕೆಂಡು ಎಣಿಸುವ ಅಂಕಿ ಐದಕ್ಕೆ ಬರುವಷ್ಟರಲ್ಲಿ ಪಟ್ಟೆಗಳಲ್ಲಿ ಒಂದೂ ಕಾಣದು. ದಾಟುವವರು ಬೈಕುಗಳ ಮುಂಚಕ್ರ ಮತ್ತು ಬಸ್ಸಿನ ಬಂಪರುಗಳ ನಡುವೆ ಓರೆಯಾಗಿ ತೂರಿಕೊಂಡು ಹೋಗಬೇಕು. ಮೂರು ಸೆಕೆಂಡು ಉಳಿದಿರುವಾಗಲೇ ಎಂಜಿನ್‌ಗಳು ಮೊರೆಯತೊಡಗುತ್ತವೆ, ಇನ್ನೂ ನಡುವೆ ಇರುವವರು ಓಡುತ್ತಾರೆ. ಗಾರ್ಮೆಂಟ್ಸ್ ಚೀಲ ಹಿಡಿದ ನಡುವಯಸ್ಸಿನ ಹೆಂಗಸೊಬ್ಬರು ನನ್ನ ಪಕ್ಕದಲ್ಲಿ ನಿಂತಿದ್ದರು. ‘ಪೊಲೀಸಪ್ಪ ಊಟಕ್ಕೆ ಹೋಗೋದ್ರೊಳಗೆ ಈ ಕಡೆ ಕೆಲ್ಸ ಮುಗಿಸ್ಕೊಂಡ್ಬಿಡ್ತೀನಿ’ ಎಂದರು. ತಮ್ಮ ದಿನದ ವೇಳಾಪಟ್ಟಿಯನ್ನು ಅವರು ಟ್ರಾಫಿಕ್ ಕಾನ್‌ಸ್ಟೆಬಲ್‌ನ ಪಾಳಿಗೆ ಹೊಂದಿಸಿಕೊಂಡಿದ್ದಾರೆ.

ಇದಕ್ಕಿಂತ ಕೆಟ್ಟದ್ದು ಫ್ರೀ ಲೆಫ್ಟ್. ಎಲ್ಲ ಕಡೆ ಕೆಂಪು ಬಿದ್ದು ದಾಟುವವರಿಗೆ ಹಸಿರು ಮನುಷ್ಯನ ದೀಪ ಹತ್ತಿದಾಗಲೂ ಎಡಕ್ಕೆ ಹೊರಳುವವರ ಸಾಲು ನಿಲ್ಲುವುದಿಲ್ಲ. ಬೋರ್ಡ್ ಇರುವ ಕಡೆ ಮಾತ್ರ ಈ ಸೌಲಭ್ಯ ಎಂಬುದನ್ನು ಮರೆತು ಎಲ್ಲ ಎಡ ತಿರುವನ್ನೂ ಫ್ರೀ ಎಂದೇ ಭಾವಿಸಿದ್ದೇವೆ. ಬೋರ್ಡ್ ಇದ್ದರೂ ದಾಟುವವರಿಗೆ ಮೊದಲು ದಾರಿ ಬಿಟ್ಟು ಆಮೇಲೆ ತಿರುಗಬೇಕು. ಹಸಿರು ದೀಪ ನಂಬಿ ಹೆಜ್ಜೆ ಇಟ್ಟವರಿಗೆ ಗಾಡಿ ಗುದ್ದಿದರೆ ಆ ದೀಪ ಯಾರಿಗಾಗಿ ಉರಿಯುತ್ತಿದೆ? ಜನ ಹೆಚ್ಚಾಗಿ ದಾಟುವ ಜಂಕ್ಷನ್‌ಗಳಲ್ಲಿ ಫ್ರೀ ಲೆಫ್ಟ್ ತೆಗೆದೇಬಿಡಬೇಕೆಂದು ನನ್ನ ಗಟ್ಟಿ ಅಭಿಪ್ರಾಯ.

ಕೆ.ಜಿ. ರೋಡಿನಲ್ಲಿ ಹಡ್ಸನ್ ಸರ್ಕಲ್ ಕಡೆಗೆ ಹೊರಟರೆ ಕಾವೇರಿ ಭವನ, ನ್ಯಾಯಾಲಯಗಳು. ಕರಿಕೋಟಿನ ವಕೀಲರು, ಫೈಲು ಹಿಡಿದ ಕಕ್ಷಿದಾರರು, ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದವರು. ರಸ್ತೆ ಅಗಲವಾದ ಕೂಡಲೇ ಗಾಡಿಗಳ ವೇಗ ಏರುತ್ತದೆ. 50 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಕ್ರಮಿಸುತ್ತದೆ. ಚಾಲಕ ಎದುರಿನವರನ್ನು ಕಂಡು, ಕಾಲು ಬ್ರೇಕಿಗೆ ಇಡುವುದಕ್ಕೇ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕು. ಅಂದರೆ ಬ್ರೇಕ್ ಹಿಡಿಯುವ ಮೊದಲೇ ಕಾರು ಜೀಬ್ರಾ ಪಟ್ಟೆಯಷ್ಟು ಅಗಲವನ್ನು ಮೂರ್ನಾಲ್ಕು ಸಲ ದಾಟಿರುತ್ತದೆ. 30ರ ವೇಗದಲ್ಲಿ ಅದೇ ದೂರ ಎಂಟು ಮೀಟರ್ ಚಿಲ್ಲರೆ. ಹೆಂಗಸೊಬ್ಬರ ಎತ್ತಿದ ಕೈ 50ರ ವೇಗದ ಮುಂದೆ ಏನೂ ಮಾಡಲಾರದು, ಚಾಲಕ ಒಳ್ಳೆಯವನೇ ಆಗಿದ್ದರೂ. ಹಾಗಾಗಿಯೇ ಪಟ್ಟೆ ಕಾಣುವ ಮೊದಲೇ ವೇಗ ತಗ್ಗಬೇಕು ಎನ್ನುವುದು.

ಹಡ್ಸನ್ ಸರ್ಕಲ್ಲನ್ನು ಹೇಗೋ ದಾಟಿದೆ. ಅಲ್ಲಿಂದ ನೃಪತುಂಗ ರಸ್ತೆ. ಹಿಂದೆ ಸೆನೊಟಾಫ್ ರಸ್ತೆ ಎನ್ನುತ್ತಿದ್ದ ಇದು ಈಗ ಬೆಂಗಳೂರಿನ ಒಳ್ಳೆಯ ಫುಟ್‌ಪಾತ್ ಇರುವ ರಸ್ತೆಗಳಲ್ಲಿ ಒಂದು. ನೆರಳಿದೆ, ಅಗಲವಿದೆ, ಕಾಲಿಗೆ ಸಮತಟ್ಟಾದ ಹಾಸಿದೆ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ, ಸೇಂಟ್ ಮಾರ್ಥಾಸ್ ಆಸ್ಪತ್ರೆ, ಸರ್ಕಾರಿ ವಿಜ್ಞಾನ ಕಾಲೇಜು, ರಿಸರ್ವ್ ಬ್ಯಾಂಕು, ರಾಜ್ಯ ಪೊಲೀಸ್ ಪ್ರಧಾನ ಕಚೇರಿ ಎಲ್ಲ ಇದೇ ರಸ್ತೆಯಲ್ಲಿ. ಮನಸ್ಸು ತುಸು ಹಗುರವಾಯಿತು ಎನ್ನುವಷ್ಟರಲ್ಲಿ ಬೆನ್ನ ಹಿಂದೆ ಹಾರ್ನ್. ಫುಟ್‌ಪಾತಿನ ಮೇಲೆ ಬೈಕು. ಕೆಳಗೆ ಟ್ರಾಫಿಕ್ ನಿಂತಿದೆ, ಅದಕ್ಕೆ ಮೇಲೆ ಹತ್ತಿದ್ದಾನೆ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೂ ಒಬ್ಬ. ಗೇಟಿಗಾಗಿ ಮಾಡಿದ ಇಳಿಜಾರು ಅವರಿಗೆ ಏಣಿಯಾಗಿದೆ.

ಫುಟ್‌ಪಾತಿನ ನಡುವೆ ಹಳದಿ ಬಣ್ಣದ ಉಬ್ಬುಗೆರೆಯ ಹಾಸುಗಲ್ಲಿನ ಸಾಲೊಂದಿದೆ. ಕಣ್ಣು ಕಾಣದವರು ಪಾದದಿಂದ, ಕೋಲಿನ ತುದಿಯಿಂದ ಓದುವ ದಾರಿ ಅದು. ಉದ್ದ ಗೆರೆ ಬಂದರೆ ಮುಂದೆ ನಡೆಯಿರಿ, ದುಂಡು ಗುಬುಟು ಬಂದರೆ ನಿಲ್ಲಿ ಎಂದು ಅರ್ಥ. ಬಿಳಿ ಕೋಲಿನ ಯುವಕರೊಬ್ಬರು ಆ ಗೆರೆ ಹಿಡಿದು ಬರುತ್ತಿದ್ದರು. ಎಡಕ್ಕೆ ಬಲಕ್ಕೆ ಕೋಲು ಆಡಿಸುತ್ತಾ ಒಳ್ಳೆಯ ವೇಗದಲ್ಲೇ ನಡೆಯುತ್ತಿದ್ದರು. ಹಾಸುಗಲ್ಲಿನ ಮೇಲೇ ನಿಲ್ಲಿಸಿದ್ದ ಬೈಕಿನ ಸೈಲೆನ್ಸರಿಗೆ ಕೋಲು ಬಡಿಯಿತು. ಅವರು ನಿಂತು, ಕೈಯಿಂದ ಸೀಟು, ಹ್ಯಾಂಡಲ್ ಸವರಿ ನೋಡಿ, ಅದನ್ನು ಬಳಸಿಕೊಂಡು ಬಲಕ್ಕೆ ಸರಿದರು. ಬಲಗಡೆ ಬೈಕುಗಳು ಓಡುತ್ತಿದ್ದವು. ಅಲ್ಲಿದ್ದ ಇಬ್ಬರು ವಿದ್ಯಾರ್ಥಿಗಳು ಓಡಿ ಬಂದು ಅಡ್ಡ ನಿಂತರು. ಬೈಕಿನವರು ಹಾರ್ನ್ ಹೊಡೆದರೇ ಹೊರತು ಇಳಿಯಲಿಲ್ಲ. ಕೈ ತೋರಿಸಿ ದಾಟುವ ನಮ್ಮ ಉಪಾಯ ಇವರಿಗೆ ಯಾವ ಪ್ರಯೋಜನಕ್ಕೆ? ಚಾಲಕನ ಕಣ್ಣಲ್ಲಿ ಕಣ್ಣಿಟ್ಟು, ನಿಲ್ಲಿಸುತ್ತಾನೋ ಇಲ್ಲವೋ ಅಂದಾಜು ಮಾಡಿ ಹೆಜ್ಜೆ ಇಡುವ ಈ ಪದ್ಧತಿ ಅವರನ್ನು ಪೂರ್ತಿ ಹೊರಗಿಟ್ಟಿದೆ. ಕಾನೂನು ಹೇಳಿದಂತೆ ಗಾಡಿ ತಾನಾಗಿ ನಿಂತರೆ ಮಾತ್ರ ಅವರಿಗೆ ಊರು ತೆರೆಯುತ್ತದೆ.

ಬೈಕು ಹತ್ತದಂತೆ ಅಲ್ಲಲ್ಲಿ ಗಿಡ್ಡ ಕಂಬ ನೆಟ್ಟಿದ್ದಾರೆ. ಹತ್ತಿರ ನೆಟ್ಟರೆ ಗಾಲಿಕುರ್ಚಿ ಹೋಗದು, ದೂರ ನೆಟ್ಟರೆ ಬೈಕು ನುಸುಳುತ್ತದೆ. ಕಂಬದಿಂದಷ್ಟೇ ಇದು ಬಗೆಹರಿಯುವುದಿಲ್ಲ. ಫುಟ್‌ಪಾತ್ ಹತ್ತಿದ ಬೈಕಿಗೆ ತಪ್ಪದೆ, ಪ್ರತಿ ಸಲವೂ ದಂಡ ಬೀಳುವುದೊಂದೇ ದಾರಿ. ಹೆಲ್ಮೆಟ್ ವಿಷಯದಲ್ಲಿ ಅದನ್ನು ಮಾಡಿ ತೋರಿಸಿದ ಪೊಲೀಸರಿಗೆ ಇದೂ ಆಗುತ್ತದೆ.

ದೇಶದ ಲೆಕ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ. 2023ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,72,890 ಮಂದಿ, ಅವರಲ್ಲಿ ನಡೆದು ಹೋಗುತ್ತಿದ್ದವರು 35,221. ಹಿಂದಿನ ವರ್ಷ ನಡೆಯುವವರ ಸಾವು 32,825 ಇತ್ತು. ದಿನಕ್ಕೆ ತೊಂಬತ್ತಾರು ಮನೆಗಳಲ್ಲಿ, ಅಂಗಡಿಗೋ ಶಾಲೆಗೋ ಬಸ್ಸಿಗೋ ಎಂದು ಹೊರಟವರು ಮರಳಿ ಬರಲಿಲ್ಲ. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ರಸ್ತೆ ಸುರಕ್ಷತೆಗಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ ಕೋರ್ಟು 2025ರ ಮೇ ತಿಂಗಳಲ್ಲಿ, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ನಡೆಯುವವರ ಸುರಕ್ಷತೆಗೂ ರಸ್ತೆಗಳ ವಿನ್ಯಾಸಕ್ಕೂ ಆರು ತಿಂಗಳೊಳಗೆ ನಿಯಮ ರೂಪಿಸಿ ಎಂದು ರಾಜ್ಯಗಳಿಗೆ ಆದೇಶಿಸಿತು. ಇಂಥ ನಿಯಮ ಮಾಡುವ ಅಧಿಕಾರ 2019ರ ತಿದ್ದುಪಡಿಯಿಂದಲೇ ರಾಜ್ಯಗಳ ಕೈಯಲ್ಲಿತ್ತು.

ಕೆ.ಆರ್. ಸರ್ಕಲ್ ತಲುಪಿದಾಗ ಬಿಸಿಲು ಏರಿತ್ತು. 1917ರಲ್ಲಿ ಶುರುವಾದ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು ಇಲ್ಲೇ ಇದೆ. ಅಲ್ಲಿ ಕಲಿಯುವ ಮಕ್ಕಳಿಗೆ ಗೊತ್ತಿರುವ ಒಂದು ಲೆಕ್ಕವಿದೆ. ದಾಟುವವರ ಸಿಗ್ನಲ್ ಸಮಯ ಗೊತ್ತುಮಾಡುವಾಗ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುವುದು ರೂಢಿ. 24 ಮೀಟರ್ ಅಗಲದ ರಸ್ತೆಗೆ 20 ಸೆಕೆಂಡು. ಮಂಡಿ ಹಿಡಿದುಕೊಂಡು ನಡೆಯುವ ಅಜ್ಜಿ, ಮೂಟೆ ಹೊತ್ತ ಹೂವಾಡಗಿತ್ತಿ ಸೆಕೆಂಡಿಗೆ 0.8 ಮೀಟರ್ ನಡೆದರೆ ಹೆಚ್ಚು, ಅವರಿಗೆ 30 ಬೇಕು. ಆ ಹತ್ತು ಸೆಕೆಂಡನ್ನು ಕೊಡಲು ನಮ್ಮ ಸಿಗ್ನಲ್‌ಗಳು ಕಲಿಯಬೇಕು. ಪಟ್ಟೆಯನ್ನು ಬರೀ ಬಣ್ಣದಲ್ಲಿ ಬಳಿಯದೆ ಫುಟ್‌ಪಾತಿನ ಮಟ್ಟಕ್ಕೇ ಎತ್ತಿ ಕಟ್ಟಬಹುದು. ಆಗ ನಡೆಯುವವರು ಇಳಿಯದೆಯೇ ಆಚೆ ಹೋಗುತ್ತಾರೆ, ಗಾಡಿಯೇ ಏರಿ ಇಳಿಯಬೇಕಾಗಿ ವೇಗ ತಾನಾಗಿ ತಗ್ಗುತ್ತದೆ. ಆಸ್ಪತ್ರೆ, ಕಾಲೇಜು, ಕೋರ್ಟು, ಮಾರ್ಕೆಟ್ಟು ಎಲ್ಲವೂ ಬರುವ ಈ ಮೂರು ಕಿಲೋಮೀಟರಿನಲ್ಲಿ ಎಲ್ಲೆಲ್ಲಿ ಜನ ದಾಟುತ್ತಾರೆಂದು ತಿಳಿಯಲು ಸಮೀಕ್ಷೆಯ ಅಗತ್ಯವೇ ಇಲ್ಲ. ಬೆಳಗ್ಗೆ ಒಂದು ಗಂಟೆ ನಿಂತರೆ ಕಾಣುತ್ತದೆ. ಮೊದಲ ಎತ್ತರದ ಪಟ್ಟೆ ಮಾರ್ಕೆಟ್ಟಿನ ಮುಂದೆ ಬೀಳಲಿ, ಎರಡನೆಯದು ಸೇಂಟ್ ಮಾರ್ಥಾಸ್ ಎದುರಿಗೆ. ಎರಡೂ ಕಡೆ ಕ್ಯಾಮೆರಾ ಗಾಡಿಗಳತ್ತ ಮುಖ ಮಾಡಿರಲಿ.